ಅಜ್ಜನ ದತ್ತಕ ಪತ್ರ ಹುಡುಕಿದ್ದು ಹೀಗೆ

ನಮ್ಮ ಅಜ್ಜ ದತ್ತಕ ಬಂದವರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ಊರಿಂದ, ಯಾರ ಮನೆಯಿಂದ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಕಥೆ. ವಂಶಾವಳಿ ಬರೆಯೋಕೆ ಕೂತಾಗ ಅಲ್ಲಿಂದ ಮೇಲಕ್ಕೆ ಹೋಗಲು ದಾರಿಯೇ ಇರಲಿಲ್ಲ.

ನಮ್ಮದು ಧಾರವಾಡ ಕಡೆಯ ಹಳ್ಳಿ, ಆಗ ಮುಂಬೈ ಪ್ರಾಂತ್ಯ. ಅಲ್ಲಿ ಗಂಡ ಬೇಡ ಅಂತ ಹೇಳಿ ಹೋಗಿರದಿದ್ದರೆ ವಿಧವೆ ತಾನೇ ದತ್ತಕ ತೆಗೆದುಕೊಳ್ಳಬಹುದಿತ್ತು. ಮುತ್ತಜ್ಜಿ ಮಾಡಿದ್ದೂ ಅದನ್ನೇ. ಇದಕ್ಕೆ ಬರಹ, ನೋಂದಣಿ ಯಾವುದೂ ಕಡ್ಡಾಯವಲ್ಲ. ನಾಲ್ಕು ಜನರ ಮುಂದೆ ಹುಡುಗನನ್ನು ಕೊಟ್ಟು, ತೆಗೆದುಕೊಂಡರೆ ಮುಗಿಯಿತು. ಆದರೆ ಹೊಲಮನೆ ಇದ್ದವರು ಸುಮ್ನೆ ಕೂರುತ್ತಿರಲಿಲ್ಲ. ನಾಳೆ ದಾಯಾದಿಗಳು ತಕರಾರು ತೆಗೆದರೆ ಅಂತ ಪತ್ರ ಬರೆಸಿ ರಿಜಿಸ್ಟರ್ ಮಾಡಿಸುತ್ತಿದ್ದರು. ಹಾಗಾಗಿ ನಾನು ಹೊಲದಿಂದಲೇ ಶುರು ಮಾಡಿದೆ.

ಪಹಣಿಯ ಸರ್ವೆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಹಳೇ ಮ್ಯುಟೇಶನ್ (ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ನಕಲು ಕೇಳಿ ಅರ್ಜಿ ಹಾಕಿದೆ. ಬಂದ ಹಾಳೆಯಲ್ಲಿ ಮುತ್ತಜ್ಜಿಯ ಹೆಸರಿಗೆ ಕಂಸ ಹಾಕಿ, ಕೆಳಗೆ ಅಜ್ಜನ ಹೆಸರು ಬರೆದಿದ್ದರು. ಪಕ್ಕದಲ್ಲಿ 'ಅ.ಪಾ.ಕ. ತಾಯಿ' ಅಂತ ಇತ್ತು. ಅಜ್ಞಾನ, ಪಾಲನಕರ್ತೆ ತಾಯಿ. ಅಂದರೆ ಹುಡುಗ ಇನ್ನೂ ಮೈನರ್. ಅದರ ಮುಂದೆ 'ದತ್ತಕ ಪತ್ರದ ಮೇಲಿಂದ' ಅಂತ ಬರೆದು ದಸ್ತಾವೇಜಿನ ನಂಬರು, ತಾರೀಖು. ನನಗೆ ಬೇಕಾಗಿದ್ದು ಆ ನಂಬರೇ.

ಉಪನೋಂದಣಿ ಕಚೇರಿಯಲ್ಲಿ 'ಇದನ್ನ ಎಲ್ಲರಿಗೂ ಕೊಡಕ್ಕೆ ಬರಲ್ಲ' ಅಂದರು. ಅವರು ಹೇಳಿದ್ದು ಸರಿಯೇ. ನೋಂದಣಿಯಾದ ಆಸ್ತಿ ಕಾಗದಗಳು ಕಚೇರಿಯ ಪುಸ್ತಕ 1ರಲ್ಲಿ ಇರುತ್ತವೆ, ಯಾರು ಬೇಕಾದರೂ ನೋಡಬಹುದು. ಇಸಿ (ಆಸ್ತಿಯ ಋಣಭಾರ ಪ್ರಮಾಣ ಪತ್ರ) ಬರುವುದೂ ಅಲ್ಲಿಂದಲೇ. ಬರೀ ದತ್ತಕದ ಪತ್ರ ಹೋಗುವುದು ಪುಸ್ತಕ 4ಕ್ಕೆ. ಅದಕ್ಕೇ 'ಇಸಿ ತೆಗೆಸಿದರೆ ಸಿಗುತ್ತೆ' ಅನ್ನುವವರ ಮಾತು ಕೇಳಬೇಡಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಪುಸ್ತಕ 4ರ ನಕಲು ಸಿಗುವುದು ಪತ್ರ ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಪಡೆದವರಿಗೆ, ಇಲ್ಲವೇ ಅವರ ಪ್ರತಿನಿಧಿಗೆ. ಉಯಿಲು, ದತ್ತಕ ತೆಗೆದುಕೊಳ್ಳಲು ಗಂಡ ಬರೆದಿಟ್ಟ ಅಧಿಕಾರ ಪತ್ರ ಪುಸ್ತಕ 3ರಲ್ಲಿ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು.

ಅಜ್ಜನ ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಆ ಮ್ಯುಟೇಶನ್ ಹಾಳೆ ಮೂರನ್ನೂ ಲಗತ್ತಿಸಿ, ಕಲಂ ನಂಬರ್ ಬರೆದು ವಾರಸುದಾರನಾಗಿ ಅರ್ಜಿ ಕೊಟ್ಟೆ. ನಕಲು ಸಿಕ್ಕಿತು. ಮಗನನ್ನು ಕೊಟ್ಟ ತಂದೆಯ ಹೆಸರು, ಊರು, ಹುಡುಗನ ವಯಸ್ಸು, ಸಾಕ್ಷಿಗಳು, ಎಲ್ಲಾ ಅದರಲ್ಲಿತ್ತು.

ಆ ಊರಿಗೆ ಕಾಗದ ಹಿಡಿದುಕೊಂಡೇ ಹೋದೆ. ಮನೆಯ ಹಿರಿಯರು ಮೊದಲು ಕೇಳಿದ್ದು 'ಪಾಲು ಕೇಳಾಕ ಬಂದೀಯೇನಪಾ?' ಅಂತ. ದತ್ತಕ ಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಹಕ್ಕು ಉಳಿಯುವುದಿಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಚಹಾ ಬಂತು. ಅವರ ಮನೆತನದ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಹೇಳುವವರು, ಯಾರು ಅನ್ನುವುದೂ ಗೊತ್ತಾಯಿತು. ಆ ಹೆಳವರ ಪುಸ್ತಕದಲ್ಲಿ ಅಜ್ಜನ ಅಣ್ಣತಮ್ಮಂದಿರ ಸಾಲಿನಲ್ಲಿ ಒಬ್ಬನ ಮುಂದೆ 'ದತ್ತಕ ಹೋದಾನು' ಅಂತ ನಮ್ಮೂರಿನ ಹೆಸರಿತ್ತು. ಸರ್ಕಾರಿ ಕಾಗದ ಸಿಗದ ಮನೆಗಳಿಗೆ ನಾನು ಈಗ ಮೊದಲು ಹೇಳುವುದೇ ಹೆಳವರನ್ನು ಕೇಳಿ ಅಂತ.

ಸಂಸ್ಥೆಯಿಂದ ದತ್ತು ಬಂದವರಿಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ನಿಯಮಗಳ 'ರೂಟ್ ಸರ್ಚ್', ಅಂದರೆ ಹುಟ್ಟಿನ ಮೂಲ ಹುಡುಕುವ ವ್ಯವಸ್ಥೆ ಇದೆ. 18 ತುಂಬಿದ್ದರೆ ದತ್ತು ಬಂದವರೇ ಅರ್ಜಿ ಹಾಕಬೇಕು, ಅದಕ್ಕಿಂತ ಚಿಕ್ಕವರಾದರೆ ಸಾಕಿದ ತಂದೆತಾಯಿ ಜೊತೆ ಸೇರಿ. ಮೂರನೆಯವರಿಗೆ ಅವಕಾಶವಿಲ್ಲ. ಹೆತ್ತವರು ಹೆಸರು ಹೇಳಬೇಡಿ ಅಂದಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಅದು ಸಿಗದಿದ್ದರೆ ಯಾವ ಪರಿಸ್ಥಿತಿಯಲ್ಲಿ ಮಗುವನ್ನು ಒಪ್ಪಿಸಿದರು ಅನ್ನುವುದನ್ನಷ್ಟೇ ತಿಳಿಸುತ್ತಾರೆ. ಹಾಗಾಗಿ ನಿಮ್ಮ ವಂಶಾವಳಿಯಲ್ಲಿ ಅಂಥವರು ಇದ್ದು, ಅವರಿಗೂ ತಿಳಿಯುವ ಮನಸ್ಸಿದ್ದರೆ, ಅರ್ಜಿಯನ್ನು ಅವರ ಕೈಯಿಂದಲೇ ಹಾಕಿಸಿ.