ಸಾಂತ್ ಪೆರೆ ಕಡಲಲ್ಲಿ ಗಾಳಿಗೆ ಎದುರಾಗಿ

ಕೈಟ್ ಸರ್ಫಿಂಗ್ ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಲ್ಲಿ ಜಾರುವ ಆಟ. ಅದನ್ನು ಕಲಿಯುವಾಗ ಒಂದು ಬೇಸರದ ಹಂತ ಬರುತ್ತದೆ. ಬೋರ್ಡ್ ಮೇಲೆ ಎದ್ದು ನಿಲ್ಲಲು ಬರುತ್ತದೆ, ಎಡಕ್ಕೂ ಬಲಕ್ಕೂ ಓಡಿಸಲು ಬರುತ್ತದೆ. ಆದರೆ ಹೊರಟ ಜಾಗಕ್ಕೆ ವಾಪಸ್ ಬರೋದು ಮಾತ್ರ ಆಗುವುದಿಲ್ಲ. ಒಂದೊಂದು ಸುತ್ತಿಗೂ ಗಾಳಿ ನಮ್ಮನ್ನು ಒಂದಿಷ್ಟು ದೂರ ತಳ್ಳಿಬಿಡುತ್ತದೆ. ಕೊನೆಗೆ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಮರಳಲ್ಲಿ ನಡೆಯಬೇಕು. ನಾನು ಒಂದಿಡೀ ಬೇಸಿಗೆ ಹೀಗೇ ನಡೆದಿದ್ದೇನೆ.

ಕಳೆದ ಜೂನ್‌ನಲ್ಲಿ ಹತ್ತು ದಿನ ರಜೆ ಹಾಕಿ ಸಾಂತ್ ಪೆರೆ ಪೆಸ್ಕಾದೋರ್‌ಗೆ ಹೋದೆ. ಇದು ಸ್ಪೇನಿನ ಕತಲೂನ್ಯದಲ್ಲಿ, ಕೋಸ್ತಾ ಬ್ರಾವಾ ತೀರದಲ್ಲಿ, ರೋಸೆಸ್ ಕೊಲ್ಲಿಯ ಮಡಿಲಲ್ಲಿರುವ ಸಣ್ಣ ಊರು. ನಾನಿರುವ ಬಾರ್ಸಿಲೋನಾದಿಂದ ಕಾರಿನಲ್ಲಿ ಎರಡು ಗಂಟೆಯೂ ಬೇಡ. ಊರ ಸುತ್ತ ಸೇಬಿನ ತೋಟಗಳು. ಆಮೇಲೆ ಕ್ಯಾಂಪಿಂಗ್ ಜಾಗಗಳು, ತಗ್ಗು ಮರಳದಿಬ್ಬ, ಅದರಾಚೆ ಕಡಲು. ದಂಡೆ ಅಗಲವಾಗಿದೆ. ಎತ್ತರದ ಕಟ್ಟಡಗಳಿಲ್ಲ, ಹಾಗಾಗಿ ಗಾಳಿ ಒಡೆಯದೆ ಬರುತ್ತದೆ. ತಳ ಪೂರ್ತಿ ಮರಳು. ಬಿದ್ದರೆ ಕಲ್ಲು ತಾಗುವ ಭಯವಿಲ್ಲ. ನನ್ನಂಥ ನಡುವಿನ ಹಂತದವರಿಗೆ ಇದು ಬಹಳ ದೊಡ್ಡ ಸಮಾಧಾನ.

ಇಲ್ಲಿ ಎರಡು ಗಾಳಿಗಳ ಹೆಸರು ಗೊತ್ತಿರಬೇಕು. ಒಂದು ಗಾರ್ಬಿ. ಬೇಸಿಗೆಯಲ್ಲಿ ನೆಲ ಕಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಕಡೆಯಿಂದ ಏಳುತ್ತದೆ. ಸಾಮಾನ್ಯವಾಗಿ 12ರಿಂದ 18 ನಾಟ್, ಅಂದರೆ ಗಂಟೆಗೆ ಸುಮಾರು 22ರಿಂದ 33 ಕಿ.ಮೀ. ದಂಡೆಯ ಉದ್ದಕ್ಕೂ, ಸ್ವಲ್ಪ ದಂಡೆಯ ಕಡೆಗೇ ಬೀಸುವುದರಿಂದ ಏನೇ ಎಡವಟ್ಟಾದರೂ ನಮ್ಮನ್ನು ದಡಕ್ಕೇ ತಂದು ಹಾಕುತ್ತದೆ. ಇನ್ನೊಂದು ತ್ರಮುಂತಾನಾ. ಪಿರನೀಸ್ ಬೆಟ್ಟಗಳಿಂದ ಇಳಿದು ಬರುವ ಉತ್ತರದ ಗಾಳಿ. ಜೋರು, ಏರುಪೇರು ಜಾಸ್ತಿ, ಮೇಲಾಗಿ ಕಡಲಿನ ಕಡೆಗೆ ತಳ್ಳುತ್ತದೆ. ಆ ಗಾಳಿ ಬಂದ ದಿನ ಆಕಾಶ ತೊಳೆದಿಟ್ಟಂತೆ ಇತ್ತು. ನೋಡಲು ಚೆಂದ. ಆದರೆ ಅವತ್ತು ನಾನು ನೀರಿಗೆ ಇಳಿಯಲಿಲ್ಲ. ಪಕ್ಕದ ಎಂಪೂರಿಯೆಸ್‌ಗೆ ಹೋಗಿ, ಸುಮಾರು 2600 ವರ್ಷಗಳ ಹಿಂದೆ ಗ್ರೀಕರು ಹಾಯಿ ಕಟ್ಟಿಕೊಂಡು ಬಂದು ನೆಲೆಯೂರಿದ ಊರಿನ ಗೋಡೆಗಳನ್ನು ನೋಡಿ ಬಂದೆ.

ಮೊದಲ ದಿನ ಬೆಳಗ್ಗೆ ಕಡಲು ಎಣ್ಣೆ ಹಚ್ಚಿದ ಕಾವಲಿಯಂತೆ ಸುಮ್ನೆ ಮಲಗಿತ್ತು. ದಂಡೆಯಲ್ಲಿ ಕೂತು ಕಾದೆ. ದಾವಣಗೆರೆ ಪಕ್ಕದ ನಮ್ಮ ಹಳ್ಳಿಯ ಕಣ ನೆನಪಾಯಿತು. ಅಜ್ಜ ಮೊರದಲ್ಲಿ ಕಾಳು ತುಂಬಿಕೊಂಡು ಹೀಗೇ ಗಾಳಿಗೆ ಕಾಯುತ್ತಿದ್ದ. ಒಂದು ಹಿಡಿ ಹೊಟ್ಟು ಎತ್ತಿ ಬಿಟ್ಟು, ಅದು ಯಾವ ಕಡೆ ಹೋಗುತ್ತೆ ನೋಡುತ್ತಿದ್ದ. ನಾನೂ ಒಂದು ಹಿಡಿ ಒಣ ಮರಳು ಎತ್ತಿ ಬಿಟ್ಟೆ. ನೇರ ಕೆಳಗೆ ಬಿತ್ತು. ಒಂದು ಗಂಟೆಗೆ ಮತ್ತೆ ಬಿಟ್ಟೆ. ಈ ಸಲ ಮರಳು ಎಡಕ್ಕೆ ಹಾರಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ ಎದ್ದು ಪಂಪ್ ಹಿಡಿದೆ.

ನನ್ನ ತೂಕ 74 ಕೆಜಿ. 14–15 ನಾಟ್ ಇದ್ದಾಗ 12 ಚದರ ಮೀಟರ್ ಪಟ, 20ರ ಹತ್ತಿರ ಹೋದರೆ 9ರದ್ದು. ಬಾರನ್ನು (ಪಟದ ದಾರಗಳನ್ನು ಕಟ್ಟಿರುವ, ಕೈಯಲ್ಲಿ ಹಿಡಿಯುವ ಕೋಲು) ಪೂರ್ತಿ ಹೊರಗೆ, ಮೈಯಿಂದ ದೂರಕ್ಕೆ ಬಿಟ್ಟ ಮೇಲೂ ಪಟ ಎಳೆಯುತ್ತಲೇ ಇದ್ದರೆ ಅವತ್ತಿಗೆ ಅದು ದೊಡ್ಡದಾಯಿತು ಅಂತ ಅರ್ಥ. ದಡಕ್ಕೆ ಬಂದು ಬದಲಾಯಿಸಿ. ಆ ಸೋಮಾರಿತನ ಮಾತ್ರ ಬೇಡ.

ಮೂರನೇ ದಿನ ಒಂದು ಗಂಟೆ ಪಾಠ ತಗೊಂಡೆ. ಕಲಿಸುವಾಕೆ ಸೊಂಟಮಟ್ಟದ ನೀರಲ್ಲಿ ನಿಂತು ನನ್ನ ಮೂರು ಸುತ್ತು ನೋಡಿದರು. ಆಮೇಲೆ ನನ್ನ ಕೈ ಹಿಡಿದು ತೋರಿಸಿದರು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ನಾನು ಬಾರನ್ನು ಎದೆಗೆ ಒತ್ತಿ ಹಿಡಿದಿದ್ದೆ, ಬಲ ಜಾಸ್ತಿ ಬೇಕು ಅಂದುಕೊಂಡು. ಆಗುತ್ತಿದ್ದದ್ದೇ ಬೇರೆ. ಹಾಗೆ ಎಳೆದಾಗ ಪಟ ಮುಂದಕ್ಕೆ ಹೋಗದೆ ಹಿಂದಕ್ಕೆ ಜಾರುತ್ತದೆ, ನಮ್ಮನ್ನು ಗಾಳಿ ಹೋಗುವ ದಿಕ್ಕಿಗೇ ಎಳೆಯುತ್ತದೆ. ಬೋರ್ಡಿನ ಅಂಚು ನೀರನ್ನು ಕಚ್ಚುವುದೇ ಇಲ್ಲ. "ಎರಡೇ ಬೆರಳಲ್ಲಿ ಹಿಡಿ. ಬಾರ್ ಬಿಡು" ಅಂದರು.

ಚಿಕ್ಕವನಿದ್ದಾಗ ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವನು ನಾನು. ಪಟ ಗೋತಾ ಹೊಡೆದಾಗ ಎಳೆಯಬಾರದು, ದಾರ ಬಿಡಬೇಕು. ಕೈಗೆ ಗೊತ್ತಿದ್ದ ವಿಷಯ, ನೀರಿಗಿಳಿದ ಕೂಡಲೇ ಮರೆತುಹೋಗಿತ್ತು.

ಮುಂದಿನ ಸುತ್ತಿನಲ್ಲಿ ಒಂದೊಂದು ಕೈಯಲ್ಲಿ ಎರಡೆರಡು ಬೆರಳು ಮಾತ್ರ. ಪಟವನ್ನು ನೀರಿನಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿ ನಿಲ್ಲಿಸಿದೆ. ಮೊದಲು ವೇಗ ಬರಲಿ ಅಂತ ಬಿಟ್ಟೆ. ಆಮೇಲೆ ಬಾರನ್ನು ನಿಧಾನಕ್ಕೆ ಹೊರಗೆ ಸರಿಸುತ್ತಾ ಹಿಮ್ಮಡಿ ಒತ್ತಿದೆ. ಮುಂದಿನ ಕಾಲು ನೆಟ್ಟಗೆ, ಹಿಂದಿನ ಮಂಡಿ ಸ್ವಲ್ಪ ಬಾಗಿ. ಸೊಂಟ ಬಾರಿನ ಕಡೆಗೆ, ಭುಜ ಹಿಂದಕ್ಕೆ. ಕಣ್ಣು ಮುಂದಿನ ಭುಜದ ಮೇಲಿಂದ ಗಾಳಿ ಬರುವ ಕಡೆಗೆ. ಪಟ ಮುಂದಕ್ಕೆ ಸರಿದು ಅಲ್ಲೇ ನಿಂತಿತು. ಬೋರ್ಡಿನಡಿ ಸದ್ದು ಬದಲಾಯಿತು. ಅಲ್ಲಿವರೆಗೆ ಪಟಪಟ ಅನ್ನುತ್ತಿತ್ತು, ಈಗ ಬಟ್ಟೆ ಸೀಳಿದಂಥ ಒಂದೇ ಸದ್ದು. ದಂಡೆಯಲ್ಲಿ ಒಂದು ಕೆಂಪು ಕೊಡೆಯನ್ನು ಗುರುತಿಗೆ ಇಟ್ಟುಕೊಂಡಿದ್ದೆ. ಹೋಗಿ ತಿರುಗಿ ಬಂದಾಗ ಆ ಕೊಡೆ ನನ್ನ ಎದುರಿಗೇ ಇತ್ತು! ನೀರಲ್ಲೇ ಕೂಗಿಬಿಟ್ಟೆ.

ದಾರಿ ಬಿಡುವ ನಿಯಮ ಇಲ್ಲಿ ನಿಜಕ್ಕೂ ಬೇಕಾಗುತ್ತದೆ, ಜನ ಇರುತ್ತಾರೆ. ಬಲಗೈ ಮುಂದಿರುವವರಿಗೆ ದಾರಿ. ಗಾರ್ಬಿಯಲ್ಲಿ ಅಂದರೆ ಕಡಲಿಗೆ ಹೋಗುವವರಿಗೆ, ದಡಕ್ಕೆ ಬರುವವರು ಬಿಟ್ಟುಕೊಡಬೇಕು. ಒಬ್ಬರನ್ನೊಬ್ಬರು ದಾಟುವಾಗ ಗಾಳಿಯ ಕಡೆ ಇರುವವರು ಪಟ ಮೇಲೆತ್ತಬೇಕು, ಇನ್ನೊಬ್ಬರು ಇಳಿಸಬೇಕು. ಬೇಸಿಗೆಯಲ್ಲಿ ಕೈಟ್‌ಗೆ ಬೇರೆ ಜಾಗ ಗೊತ್ತು ಮಾಡಿರುತ್ತಾರೆ. ಈಜುವ ಮಕ್ಕಳ ಕಡೆ ಹೋಗಲೇಬಾರದು.

ಆರನೇ ಸಂಜೆ ತಪ್ಪು ಮಾಡಿದೆ. ಚೆನ್ನಾಗಿ ಆಗುತ್ತಿದೆ, ಇನ್ನೊಂದು ಸುತ್ತು ಅಂತ ಹೋದೆ. ದಡದಲ್ಲಿ ಒಬ್ಬೊಬ್ಬರೇ ಪಟ ಮಡಚುತ್ತಿದ್ದರು, ಅದನ್ನು ನೋಡಿದರೂ ನಿಲ್ಲಿಸಲಿಲ್ಲ. ಸುಮಾರು 300 ಮೀಟರ್ ಆಚೆ ಗಾಳಿ ಸತ್ತುಹೋಯಿತು. ಪಟ ಎಲೆ ಉದುರಿದಂತೆ ನೀರಿಗೆ ಬಿತ್ತು. ಮತ್ತೆ ಎಬ್ಬಿಸಲು ಗಾಳಿಯೇ ಇಲ್ಲ. ಒಂದು ಕ್ಷಣ ಎದೆ ಢವ ಅಂದಿತು. ಆಮೇಲೆ ಕಲಿತದ್ದನ್ನು ಸಾಲಾಗಿ ಮಾಡಿದೆ. ಕ್ವಿಕ್ ರಿಲೀಸ್, ಅಂದರೆ ಪಟದ ಎಳೆತ ತಪ್ಪಿಸುವ ತುರ್ತು ಕೊಂಡಿ ಎಳೆದು ಪಟದ ಬಲ ಪೂರ್ತಿ ತೆಗೆದೆ. ದಾರಗಳನ್ನು ಬಾರಿಗೆ ಸುತ್ತುತ್ತಾ ಪಟದ ಹತ್ತಿರ ಹೋದೆ. ಸಡಿಲ ದಾರ ಕಾಲಿಗೆ ಸುತ್ತದಂತೆ ನೋಡಿಕೊಳ್ಳಬೇಕು, ಇಲ್ಲಿ ಆತುರ ಪಡಬಾರದು. ಆಮೇಲೆ ಪಟದ ತುದಿ ಹಿಡಿದು ಹಾಯಿಯಂತೆ ಎತ್ತಿದೆ. ಫ್ರಾನ್ಸಿನ ಲೆಗೆನೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದ ಗಾಳಿ ತುಂಬುವ ಪಟದ ಬೆಲೆ ನನಗೆ ಅವತ್ತು ತಿಳಿಯಿತು. ಮುಂದಂಚಿನ ಕೊಳವೆಯಲ್ಲಿ ಗಾಳಿ ಇರುವುದರಿಂದ ಅದು ಮುಳುಗುವುದಿಲ್ಲ, ನಮ್ಮನ್ನೂ ತೇಲಿಸುತ್ತದೆ. ಉಳಿದಿದ್ದ ಮಂದ ಗಾಳಿಯೇ ನಲವತ್ತು ನಿಮಿಷದಲ್ಲಿ ನನ್ನನ್ನು ದಡ ಮುಟ್ಟಿಸಿತು, ಉತ್ತರಕ್ಕೆ, ಫ್ಲುವಿಯಾ ನದಿ ಕಡಲು ಸೇರುವ ಕಡೆಗೆ. ಅಲ್ಲಿಂದ ಮತ್ತೆ ಮರಳಲ್ಲಿ ನಡಿಗೆ. ಇದೇ ಜಾಗದಲ್ಲಿ ತ್ರಮುಂತಾನಾ ಇದ್ದಿದ್ದರೆ? ಅದಕ್ಕೇ ಹೇಳೋದು, ದಿಕ್ಕು ನೋಡದೆ ಬರೀ ವೇಗ ನೋಡಿ ನೀರಿಗೆ ಇಳಿಯಬಾರದು, ಅಲ್ವಾ?

ಮರುದಿನದಿಂದ ಕೈಗಡಿಯಾರ ಕಟ್ಟಿಕೊಂಡೆ. ಬೇರೆಯವರು ಪಟ ಮಡಚಲು ಶುರು ಮಾಡಿದರೆ ನಾನೂ ದಡಕ್ಕೆ.

ಕೊನೆಯ ದಿನ 16 ನಾಟ್ ಸಮನಾದ ಗಾಳಿ. ನಾಲ್ಕು ಸುತ್ತು ಹೊಡೆದು ದಡದ ಕಡೆ ನೋಡಿದರೆ ಕೆಂಪು ಕೊಡೆ ಕಾಣಲಿಲ್ಲ. ತಲೆ ತಿರುಗಿಸಿ ಹುಡುಕಿದೆ. ಅದು ದೂರದಲ್ಲಿ, ನನಗಿಂತ ಕೆಳಗಾಳಿಯಲ್ಲಿ, ಅಂದರೆ ಗಾಳಿ ಹೋಗುವ ಕಡೆ ಇತ್ತು. ಪಟ ಇಳಿಸಲು ಅಲ್ಲಿಗೆ ಗಾಳಿಯ ಜೊತೆ ಜಾರಿಕೊಂಡು ಹೋದೆ.