ಹಂಚಿನ ಮಾಡಿನ ಕಾರು ಶೆಡ್‌ಗೆ ಎಲ್‌ಇಡಿ ಪಟ್ಟಿ ಕೂರಿಸುವುದು

ಶಿರಸಿ, ಕುಮಟಾ ಕಡೆಯ ಹಂಚಿನ ಶೆಡ್‌ಗಳಲ್ಲಿ ಎಲ್‌ಇಡಿ ಸುಟ್ಟುಹೋಗುವುದು ಕಡಿಮೆ. ಅಂಟು ಬಿಟ್ಟು ಪಟ್ಟಿ ಜೋತುಬೀಳುವುದು, ಜಾಯಿಂಟ್ ಕಿಲುಬು ಹಿಡಿಯುವುದು, ಇಲಿ ವೈರ್ ಕಡಿಯುವುದೇ ಹೆಚ್ಚು. ಮೊದಲು ಒಡೆದ ಹಂಚು ಬದಲಿಸಿ, ಪಕಾಸಿನ (ಹಂಚು ಹೊರುವ ಇಳಿಜಾರು ಮರದ) ಧೂಳು, ಜೇಡರಬಲೆ ಗುಡಿಸಿ.

20×12 ಅಡಿ ಶೆಡ್‌ಗೆ 12 ವೋಲ್ಟಿನ, ಮೀಟರಿಗೆ 120 ಎಲ್‌ಇಡಿ, 9.6 ವ್ಯಾಟ್ ಇರುವ ಪಟ್ಟಿ 5 ಮೀಟರಿನ ಎರಡು ಸುರುಳಿ ಸಾಕು. ಒಟ್ಟು 96 ವ್ಯಾಟ್. 100 ವ್ಯಾಟಿನ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ) ಲೆಕ್ಕಕ್ಕೆ ಸರಿಹೋದರೂ ಏಪ್ರಿಲ್ ಸೆಕೆಯಲ್ಲಿ ಕಾದು ಕೈಕೊಡುತ್ತದೆ. 150 ವ್ಯಾಟಿನದೇ ತನ್ನಿ. ಅದರ ಬದಿಯಲ್ಲಿ 110/220 ಸ್ವಿಚ್ ಇದ್ದರೆ 220ಕ್ಕೆ ಇದೆಯೇ ನೋಡಿ. 110ರಲ್ಲಿದ್ದರೆ ಕರೆಂಟ್ ಕೊಟ್ಟ ಕೂಡಲೇ ಢಮಾರ್.

ಪಟ್ಟಿಯ ಹಿಂದಿನ ಅಂಟನ್ನು ಮರದ ಮೇಲೆ ನಂಬುವ ಹಾಗಿಲ್ಲ. ಅಲ್ಯೂಮಿನಿಯಂ ಚಾನೆಲ್ ಬೇಕೇ ಬೇಕು: ಒಂದೊಂದು ಸಾಲಿಗೆ 2 ಮೀಟರಿನ ಎರಡು, 1 ಮೀಟರಿನ ಒಂದು. ಪಟ್ಟಿಯ ಬಿಸಿಯನ್ನೂ ಅದೇ ಎಳೆದುಕೊಳ್ಳುತ್ತದೆ. ಸಾಲನ್ನು ಕಾರಿನ ನೆತ್ತಿಯ ಮೇಲೆ ಎಳೆದರೆ ಬೆಳಕೆಲ್ಲ ಟಾಪ್ ಮೇಲೆ ಬಿದ್ದು ಬಾಗಿಲ ಬದಿ ಕತ್ತಲಾಗುತ್ತದೆ. ಕಾರಿನ ಅಂಚಿನಿಂದ ಒಂದು ಅಡಿ ಹೊರಗೆ, ಎರಡೂ ಕಡೆ, ಪಕಾಸುಗಳಿಗೆ ಅಡ್ಡಲಾಗಿ ಹಾಕಿ. ನಡುವೆ ಎತ್ತರವಿದ್ದು ಎರಡೂ ಬದಿಗೆ ಇಳಿಯುವ ಮಾಡಾದರೆ ಪಟ್ಟಿ ತಾನಾಗಿ ಒಳಗೆ ವಾಲಿ ಕಾರಿನ ಪಕ್ಕ ಬೆಳಗುತ್ತದೆ.

ಪ್ರತಿ ಪಕಾಸಿಗೂ ಒಂದು ಕ್ಲಿಪ್, ಒಂದು ಸ್ಟೇನ್‌ಲೆಸ್ ಸ್ಕ್ರೂ. ಕಾರವಾರದ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಬಾಳುವುದಿಲ್ಲ. ಹಳೆಯ ಮತ್ತಿ ಮರಕ್ಕೆ ಮೊದಲು ಡ್ರಿಲ್‌ನಲ್ಲಿ ಸಣ್ಣ ತೂತು ಹೊಡೆಯಿರಿ, ಇಲ್ಲವಾದರೆ ಸ್ಕ್ರೂ ತಲೆಯೇ ಮುರಿಯುತ್ತದೆ. ಸೋರಿದ ನೀರು ಪಕಾಸಿನ ತಳ ಹಿಡಿದು ಇಳಿದು ಬಂದು ಕ್ಲಿಪ್ಪಿಗೆ ತಾಗಿ ಚಾನೆಲ್ ಸೇರುತ್ತದೆ. ಆದ್ದರಿಂದ ಚಾನೆಲ್ ತುದಿಗಳನ್ನು ಸಿಲಿಕಾನ್ ಹಾಕಿ ಮುಚ್ಚಬೇಡಿ, ಹೊಕ್ಕಿದ್ದು ಹರಿದುಹೋಗಲಿ.

ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ. ಪಟ್ಟಿಯ ನಡುವಿನ ಕತ್ತರಿ ಗುರುತಿನ ಪ್ಯಾಡ್‌ಗೆ ವೈರ್ ಬೆಸುಗೆ ಹಾಕಿ, ಹೀಟ್‌ಶ್ರಿಂಕ್ (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಒತ್ತಿ ಹಾಕುವ ಕ್ಲಿಪ್ ಕನೆಕ್ಟರ್ ಒಂದು ಮಳೆಗಾಲ ದಾಟಿದರೆ ಹೆಚ್ಚು. ಪ್ರತಿ ಸಾಲು 4 ಆಂಪಿಯರ್ ಎಳೆಯುತ್ತದೆ. 6 ಮೀಟರ್ ದೂರಕ್ಕೆ 1 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.9 ವೋಲ್ಟ್ ಸೋರಿಹೋಗುತ್ತದೆ, 2.5ರದ್ದಾದರೆ 0.4ರೊಳಗೆ. ವೈರ್ ಪೂರ್ತಿ ಪಿವಿಸಿ ಪೈಪಿನೊಳಗಿರಲಿ.

12 ವೋಲ್ಟ್ ತಾನೆ ಎಂದು ಫ್ಯೂಸ್ ಬಿಡಬೇಡಿ. ಶಾರ್ಟ್ ಆದರೆ ವೈರ್ ಕೆಂಪಗಾಗುತ್ತದೆ, ಮೇಲೆ ಅಟ್ಟದಲ್ಲಿ ಅಡಿಕೆ ಸಿಪ್ಪೆಯೋ ಒಣಹುಲ್ಲೋ ಇರುತ್ತದೆ. ಪ್ರತಿ ಸಾಲಿಗೆ ಎಸ್‌ಎಂಪಿಎಸ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್.

ಎಸ್‌ಎಂಪಿಎಸ್ ಮರಕ್ಕಲ್ಲ, ಚಿರೆಕಲ್ಲಿನ ಗೋಡೆಗೆ, ಗಾಳಿಯಾಡುವಂತೆ. ಪೆಟ್ರೋಲ್ ಆವಿ ನೆಲದ ಮೇಲೆ ಕೂರುವುದರಿಂದ ಎಸ್‌ಎಂಪಿಎಸ್ಸೂ ಸ್ವಿಚ್ಚೂ 5 ಅಡಿಗಿಂತ ಮೇಲಿರಲಿ. ವೈರನ್ನು ಕೆಳಕ್ಕೆ ಬಾಗಿಸಿ, ಕೆಳಗಿಂದಲೇ ಎಸ್‌ಎಂಪಿಎಸ್ ಒಳಗೆ ತನ್ನಿ, ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. 230 ವೋಲ್ಟಿನ ಕಡೆ ಅರ್ತಿಂಗ್, 6 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್) ಬೇಕು. ಅಷ್ಟನ್ನು ವೈರ್‌ಮನ್ ಕೈಯಲ್ಲೇ ಮಾಡಿಸಿ.

ಒಂದು ತಾಸು ಉರಿಸಿ, ಮೇನ್ ಆಫ್ ಮಾಡಿ, ಟರ್ಮಿನಲ್ ಹತ್ತಿರದ ವೈರ್ ಮುಟ್ಟಿ ನೋಡಿ. ಬಿಸಿಯಿದ್ದರೆ ಸ್ಕ್ರೂ ಸಡಿಲ ಎಂದರ್ಥ.