‘ಕಮ್ ಇನ್‌ಟು’: ಆಸ್ತಿಗೆ ಬರುವುದೋ, ಆಸ್ತಿ ಬರುವುದೋ?

ಇಂಗ್ಲಿಷ್ ಕುಟುಂಬವೊಂದರ ಹಳೆಯ ಕಥನವನ್ನು ಕನ್ನಡಕ್ಕೆ ತರುತ್ತಿದ್ದಾಗ ಮೊದಲ ಅಧ್ಯಾಯದಲ್ಲೇ ಎಡವಿದೆ. ‘ಷಿ ಕೇಮ್ ಇನ್‌ಟು ದ ಹೌಸ್ ಅಟ್ ಟ್ವೆಂಟಿವನ್’ ಎಂಬುದನ್ನು ‘ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆಕೆ ಆ ಮನೆಗೆ ಬಂದಳು’ ಎಂದು ಬರೆದಿದ್ದೆ. ಕರಡನ್ನು ಓದಿದ ಗೆಳತಿ ‘ಸೊಸೆಯಾಗಿ ಬಂದಳೇನು?’ ಎಂದು ಕೇಳಿದಾಗ ನಾಚಿಕೆಯಾಯಿತು. ಇಲ್ಲಿ ‘ಕಮ್ ಇನ್‌ಟು’ ಎಂದರೆ ವಾರಸಾಗಿ ಪಡೆಯುವುದು, ಆಕೆ ಎಲ್ಲಿಗೂ ಬಂದಿರಲಿಲ್ಲ. ಅಜ್ಜಿಯ ಉಯಿಲಿನಂತೆ ಆ ಮನೆಯೇ ಆಕೆಗೆ ಬಂದಿತ್ತು. ಇಂಗ್ಲೆಂಡಿನಲ್ಲಿ 1970ರ ಆರಂಭದವರೆಗೆ ಪ್ರಾಪ್ತ ವಯಸ್ಸು 21 ಆಗಿದ್ದುದರಿಂದ ವಾಕ್ಯದಲ್ಲಿ ಆ ಸಂಖ್ಯೆ ಸುಮ್ಮನೆ ಕೂತಿರಲಿಲ್ಲ.

ತೊಡಕಿರುವುದು ಚಲನೆಯ ದಿಕ್ಕಿನಲ್ಲಿ. ಇಂಗ್ಲಿಷಿನಲ್ಲಿ ವಾರಸುದಾರನೇ ಕರ್ತೃವಾಗಿ ಆಸ್ತಿಯೊಳಕ್ಕೆ ಬರುತ್ತಾನೆ. ಕನ್ನಡದಲ್ಲಿ ಆಸ್ತಿ ಕರ್ತೃ, ಪಡೆಯುವವನು ಚತುರ್ಥಿಯಲ್ಲಿ (‘ಅವನಿಗೆ’, ‘ಆಕೆಗೆ’ ಎಂದು) ನಿಂತಿರುತ್ತಾನೆ. ಆದ್ದರಿಂದ ಪದಕ್ಕೆ ಪದ ಹುಡುಕುವುದನ್ನು ಬಿಟ್ಟು ವಾಕ್ಯವನ್ನೇ ತಿರುಗಿಸುವುದನ್ನು ರೂಢಿಸಿಕೊಂಡೆ. ಇದರ ಪಕ್ಕದ ‘ಹ್ಯಾಂಡ್ ಡೌನ್’ (ಮುಂದಿನ ತಲೆಮಾರಿಗೆ ದಾಟಿಸುವುದು) ಇಷ್ಟು ಕಾಡುವುದಿಲ್ಲ, ಅಲ್ಲಿ ಕೊಡುವವರು ಕಾಣುತ್ತಾರೆ. ‘ಹ್ಯಾಂಡೆಡ್ ದ ರಿಂಗ್ ಡೌನ್’ ಎಂದು ಉಂಗುರವನ್ನು ನಡುವೆ ತೂರಿಸಲೂಬಹುದು. ‘ಕಮ್ ಇನ್‌ಟು’ ಹಾಗೆ ಬಿಡಿಸಿಕೊಳ್ಳುವುದಿಲ್ಲ, ಕರ್ಮಣಿ ಪ್ರಯೋಗಕ್ಕೂ ಒಗ್ಗುವುದಿಲ್ಲ. ಅದರ ಮುಂದೆ ಮನೆ, ಹಣ, ಜಮೀನು ಬಂದಾಗ ಮಾತ್ರ ನಾನು ವಾರಸಿನ ಅರ್ಥವನ್ನು ಹುಡುಕುತ್ತೇನೆ, ಏಕೆಂದರೆ ಕಾನೂನು ‘ಕಮ್ ಇನ್‌ಟು ಫೋರ್ಸ್’ ಆದರೆ ಅದು ಜಾರಿಗೆ ಬಂತೆಂದಷ್ಟೇ ಅರ್ಥ.

ದಿಕ್ಕು ತಿಳಿದ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ಅದೇ ಕಥನದಲ್ಲಿ ತಂದೆ ಸತ್ತ ಮೇಲೆ ಹಿರಿಯ ಮಗ ಎಸ್ಟೇಟಿಗೆ ‘ಕೇಮ್ ಇನ್‌ಟು’ ಆಗುತ್ತಾನೆ. ‘ಎಸ್ಟೇಟು ಅವನ ಪಾಲಿಗೆ ಬಂತು’ ಎಂದು ಬರೆದು ಮುಂದೆ ಹೋಗಿದ್ದೆ. ‘ಪಾಲು’ ಎಂದ ಕೂಡಲೇ ನಮ್ಮ ಓದುಗರಿಗೆ ಅಣ್ಣತಮ್ಮಂದಿರು, ವಿಭಾಗ ಪತ್ರ, ಹಿಸ್ಸೆ ಎಲ್ಲವೂ ನೆನಪಾಗುತ್ತವೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತದ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಕರ್ನಾಟಕದಲ್ಲಿ 1994ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದು ಸಿಕ್ಕಿತು. ತಂದೆ ಸಾಯುವವರೆಗೆ ಕಾಯಬೇಕಾದ ಹಕ್ಕು ಅದಲ್ಲ. ಕಥನದ ಇಂಗ್ಲೆಂಡಿನಲ್ಲಾದರೋ ತಮ್ಮಂದಿರಿಗೆ ಆ ಭೂಮಿಯಲ್ಲಿ ಒಂದು ಗೇಣೂ ಇರಲಿಲ್ಲ, ಅವರ ಕಹಿಯೇ ಮುಂದಿನ ಮೂರು ಅಧ್ಯಾಯಗಳು. ಹಾಗಾಗಿ ‘ಪಾಲಿಗೆ’ ಎಂಬುದನ್ನು ಹೊಡೆದುಹಾಕಿ ‘ತಂದೆ ತೀರಿಕೊಂಡ ಮೇಲೆ ಇಡೀ ಎಸ್ಟೇಟು ಹಿರಿಯವನೊಬ್ಬನ ಕೈಸೇರಿತು’ ಎಂದು ತಿದ್ದಿದೆ. ‘ಇಡೀ’ ಮತ್ತು ‘ಒಬ್ಬನ’ ಎಂಬೆರಡು ಮಾತುಗಳು ಮೂಲದಲ್ಲಿಲ್ಲ. ಆದರೂ ಅವನ್ನು ಉಳಿಸಿಕೊಂಡಿದ್ದೇನೆ.